ಸಡಾದ ಪಡುಗೋಡೆಗೆ ಸಿಮೆಂಟ್ ಹಲಗೆಯ ತಟ್ಟಿ

2021ರ ಮೇ 16ರ ಭಾನುವಾರ ತೌಕ್ತೆ ಚಂಡಮಾರುತ ಗೋವಾದ ಕರಾವಳಿಯನ್ನು ಸವರಿಕೊಂಡು ಉತ್ತರಕ್ಕೆ ಸಾಗುತ್ತಿದ್ದಾಗ ನಮ್ಮ ಮನೆಯ ಪಡುಗೋಡೆ ಒಳಗಡೆ ಬೆವರಿತು. ಬೆವರಿತು ಎಂಬುದೇ ಸರಿಯಾದ ಮಾತು. ಎಲ್ಲಿಯೂ ತೂತು ಇರಲಿಲ್ಲ, ಬಿರುಕಿನಿಂದ ನೀರು ಇಳಿಯಲಿಲ್ಲ. ಸಂಜೆಯ ಹೊತ್ತಿಗೆ ಗೋಡೆಗೆ ಗೋಡೆಯೇ ಒದ್ದೆ ಬಟ್ಟೆಯಂತಾಗಿ, ಅಮ್ಮನ ಮಂಚದ ತಲೆದೆಸೆಯಲ್ಲಿ ಬಣ್ಣ ಹಪ್ಪಳದ ಹಾಗೆ ಉಬ್ಬಿ ನಿಂತಿತು. ಅಂದು ಹೋದ ಕರೆಂಟು ಬರಲು ದಿನಗಳೇ ಹಿಡಿದವು. ಮೇಣದ ಬತ್ತಿ ಹಿಡಿದು ಆ ಗೋಡೆಯನ್ನು ಮುಟ್ಟಿ ನೋಡಿದ್ದು ಇನ್ನೂ ನೆನಪಿದೆ: ಅಂಗೈ ತಣ್ಣಗಾಯಿತು, ಬೆರಳಿಗೆ ಉಪ್ಪು ಅಂಟಿತು.

ನಮ್ಮ ಮನೆ ವಾಸ್ಕೋದ ಸಡಾ ಗುಡ್ಡದ ಅಂಚಿನಲ್ಲಿದೆ. ಪಡುವಣಕ್ಕೆ ಸಮುದ್ರ ಬಿಟ್ಟರೆ ಅಡ್ಡ ಏನೂ ಇಲ್ಲ, ಎರಡು ತೆಂಗಿನ ಮರಗಳ ಹೊರತು. ಗೋಡೆ 9 ಅಂಗುಲದ ಚಿರೇಕಲ್ಲಿನದು (ಕೆಂಪು ಮುರಕಲ್ಲು), ಅದರ ಮೇಲೆ ಸಿಮೆಂಟ್ ಗಿಲಾವು, ಅದರ ಮೇಲೆ ಹೊಳೆಯುವ ಬಣ್ಣ. ಹತ್ತು ವರ್ಷಗಳಲ್ಲಿ ಮೂರು ಸಲ ಗಿಲಾವು ಕೆತ್ತಿಸಿ ಹೊಸದಾಗಿ ಮೆತ್ತಿಸಿದ್ದೇವೆ, ನೀರು ತಡೆಯುವ ರಾಸಾಯನಿಕವನ್ನೂ ಬೆರೆಸಿದ್ದೇವೆ. ಪ್ರತಿ ಸಲವೂ ಎರಡು ಮಳೆಗಾಲ ತಡೆದು ಮೂರನೆಯದಕ್ಕೆ ಸೋತಿದೆ.

ಕಾರಣ ಗೊತ್ತಾದದ್ದು ಕುಳಿತು ಯೋಚಿಸಿದ ಮೇಲೆ. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುತ್ತದೆ ಎನ್ನುತ್ತಾರೆ. ಸಡಾದ ಅಂಚಿನಲ್ಲಿ ಮಳೆ ಬೀಳುವುದಿಲ್ಲ, ಬೀಸುತ್ತದೆ. ಎರಚಲು ಗೋಡೆಗೆ ಹೊಡೆದಾಗ ಗಾಳಿಯ ಒತ್ತಡ ಅದೇ ನೀರನ್ನು ಕೂದಲೆಳೆಯಷ್ಟು ಸಣ್ಣ ಬಿರುಕಿನೊಳಕ್ಕೂ ತಳ್ಳುತ್ತದೆ. ಒಳಗೆ ಹೋದ ನೀರನ್ನು ಚಿರೇಕಲ್ಲು ಕುಡಿಯುತ್ತದೆ. ಕುಡಿದದ್ದನ್ನು ಹೊರಗೆ ಬಿಡೋಣವೆಂದರೆ ನಾವೇ ಬಳಿದ ಹೊಳೆಯುವ ಬಣ್ಣ ಬಿಡುವುದಿಲ್ಲ. ಹೀಗಾಗಿ ಅದು ಅಮ್ಮನ ಕೋಣೆಯ ಕಡೆಗೆ ದಾರಿ ಹುಡುಕುತ್ತದೆ.

ಅಮ್ಮನೇ ಒಂದು ರಾತ್ರಿ ಕುಮಟೆಯ ಅಜ್ಜನ ಮನೆಯ ಮಾತು ತೆಗೆದಳು. ಮೇ ತಿಂಗಳ ಕೊನೆಯಲ್ಲಿ ಮಣ್ಣಿನ ಗೋಡೆಯ ಹೊರಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಕೆಲವು ಕಡೆ ಅಡಿಕೆಯ ಸೋಗೆ. ಅಜ್ಜ ತಟ್ಟಿಯನ್ನು ಗೋಡೆಗೆ ಒತ್ತಿ ಕಟ್ಟಲು ಬಿಡುತ್ತಿರಲಿಲ್ಲ, ಗೇಣುದ್ದ ಬಿಟ್ಟು ಗೂಟ ಹುಗಿಸುತ್ತಿದ್ದ. ತಟ್ಟಿ ತೊಯ್ಯುತ್ತಿತ್ತು, ಗೋಡೆ ತೊಯ್ಯುತ್ತಿರಲಿಲ್ಲ. ಮಣ್ಣಿನ ಗೋಡೆ ಅರವತ್ತು ವರ್ಷ ನಿಂತದ್ದು ಹಾಗೆ. ಅಲ್ಲಿಗೆ ನಮ್ಮ ಕೆಲಸದ ನಕ್ಷೆ ಸಿದ್ಧವಾಯಿತು: ಗೋಡೆಗೆ ಇನ್ನೊಂದು ಪದರ ಮೆತ್ತುವುದಲ್ಲ, ಗೋಡೆಯಿಂದ ದೂರ ನಿಲ್ಲುವ ಕಾಯಂ ತಟ್ಟಿ ಕಟ್ಟುವುದು.

ಯಾವುದರಿಂದ ಕಟ್ಟುವುದು ಎಂಬುದಕ್ಕೆ ಎರಡು ತಿಂಗಳು ಹೋಯಿತು. ಇಲ್ಲಿ ಬಹಳ ಮಂದಿ ಪಡುಗೋಡೆಗೆ ಬಣ್ಣದ ತಗಡು ಹೊಡೆಸುತ್ತಾರೆ. ಅಗ್ಗ, ಬೇಗ ಮುಗಿಯುತ್ತದೆ. ಆದರೆ ಮಳೆಯಲ್ಲಿ ರಾತ್ರಿಯಿಡೀ ತಮಟೆ, ಮತ್ತು ಕತ್ತರಿಸಿದ ಅಂಚಿನಿಂದ ತುಕ್ಕು ಹಿಡಿಯಲು ಉಪ್ಪುಗಾಳಿಗೆ ಹೆಚ್ಚು ದಿನ ಬೇಡ. ಪಿವಿಸಿ ಪಟ್ಟಿಗಳು ಬಿಸಿಲಿಗೆ ಬಳುಕುತ್ತವೆ. ಗಾಜಿನ ನಾರು ಹಾಕಿದ ಕಾಂಕ್ರೀಟ್ ಫಲಕ ಗಟ್ಟಿಯೇನೋ ಹೌದು, ಆದರೆ ಅದರ ತೂಕವನ್ನು ಹೊರಲು ಚಿರೇಕಲ್ಲಿಗೆ ಹೇಳುವುದು ನನಗೆ ಸರಿ ಕಾಣಲಿಲ್ಲ. ಉಳಿದದ್ದು ನಾರು ಸಿಮೆಂಟ್ ಹಲಗೆ: ಸಿಮೆಂಟು, ನುಣ್ಣನೆಯ ಸಿಲಿಕಾ, ಮರದ ತಿರುಳಿನ ನಾರು ಬೆರೆಸಿ ಒತ್ತಿ, ಒತ್ತಡದ ಹಬೆಯಲ್ಲಿ ಬೇಯಿಸಿದ್ದು. ಬೆಂಕಿ ಹಿಡಿಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ, ಉಪ್ಪಿಗೆ ಹೆದರುವುದಿಲ್ಲ.

ಅಂಗಡಿಯಲ್ಲಿ ಎಚ್ಚರ ಬೇಕು. ಮೂರು ಬೇರೆ ಬೇರೆ ಸರಕುಗಳಿಗೆ ‘ಸಿಮೆಂಟ್ ಬೋರ್ಡ್’ ಎಂಬ ಒಂದೇ ಹೆಸರು ನಡೆಯುತ್ತದೆ. ಮರದ ಚೂರಿನ ಸಿಮೆಂಟ್ ಬೋರ್ಡ್ ಒಂದು, ಒಳಮನೆಯ ಸೀಲಿಂಗಿಗೆ ಬಳಸುವ ಕ್ಯಾಲ್ಸಿಯಂ ಸಿಲಿಕೇಟ್ ಹಲಗೆ ಇನ್ನೊಂದು, ನಮಗೆ ಬೇಕಾದ ನಾರು ಸಿಮೆಂಟ್ ಮತ್ತೊಂದು. ಮಡಗಾಂವಿನ ಒಂದು ಅಂಗಡಿಯಲ್ಲಿ ನನಗೆ ಎರಡನೆಯದನ್ನು ಹೊರಗೋಡೆಗೆಂದೇ ತೋರಿಸಿದರು. ಭಾರತೀಯ ಮಾನಕ ಐಎಸ್ 14862 ಈ ಹಲಗೆಗಳನ್ನು ಎ ಮತ್ತು ಬಿ ಎಂದು ಎರಡು ಬಗೆ ಮಾಡುತ್ತದೆ. ಬಿಸಿಲು ಮಳೆಗೆ ನೇರ ಒಡ್ಡುವಂಥದ್ದು ಎ, ಒಳಗಿನ ಕೆಲಸದ್ದು ಬಿ. ಹಲಗೆಯ ಬೆನ್ನಿನ ಮೇಲೆ ಅಥವಾ ಕಂಪನಿಯ ಪತ್ರದಲ್ಲಿ ಆ ‘ಎ’ ಕಾಣದಿದ್ದರೆ ಅಂಗಡಿಯಿಂದ ಎದ್ದು ಬರಬೇಕು. ನಾನು ಎರಡು ಅಂಗಡಿಗಳಿಂದ ಎದ್ದು ಬಂದೆ.

ಮಾದರಿಗೆ ಕೊಟ್ಟ ತುಂಡಿನ ಮೇಲೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿದೆ. ಅಂಗೈ ಅಗಲದ, ಅಡಿಯುದ್ದದ ಎರಡು ತುಂಡು ಕತ್ತರಿಸಿ, ಒಂದರ ನಾಲ್ಕೂ ಅಂಚಿಗೆ ಮತ್ತು ಎರಡೂ ಮೈಗೆ ಪ್ರೈಮರ್ ಎರಡು ಕೈ ಬಳಿದು ಒಣಗಿಸಿದೆ, ಇನ್ನೊಂದನ್ನು ಬರಿದಾಗಿ ಬಿಟ್ಟೆ. ಎರಡನ್ನೂ ರಾತ್ರಿಯಿಡೀ ಬಕೆಟ್ಟಿನಲ್ಲಿ ಮುಳುಗಿಸಿಟ್ಟೆ. ಬೆಳಿಗ್ಗೆ ಅಡುಗೆಮನೆಯ ತಕ್ಕಡಿಯಲ್ಲಿ ನೋಡಿದರೆ ಬಳಿದದ್ದು 392 ಗ್ರಾಮಿನಿಂದ 404ಕ್ಕೆ ಏರಿತ್ತು, ಬರಿದಾದದ್ದು 390ರಿಂದ 468ಕ್ಕೆ. ಹಲಗೆ ಕಲ್ಲಿನಂತೆ ಕಂಡರೂ ನೀರು ಕುಡಿಯುತ್ತದೆ, ಅದರಲ್ಲೂ ಕತ್ತರಿಸಿದ ಅಂಚು ಬಾಯಿ ತೆರೆದೇ ಇರುತ್ತದೆ. ಈ ಎರಡು ತುಂಡುಗಳನ್ನು ಕೆಲಸ ಮುಗಿಯುವವರೆಗೂ ಸಾರವೆಯ ಮೇಲೆ ಇಟ್ಟಿದ್ದೆ. ಅಂಚಿಗೆ ಬಳಿಯಲು ಯಾರಾದರೂ ಬೇಸರಿಸಿದರೆ ಕೈಗೆ ಕೊಡುತ್ತಿದ್ದೆ.

ಗಾಳಿಯ ಲೆಕ್ಕ ನನ್ನ ದೊಡ್ಡಣ್ಣನದು. ಅವನದು ವಾಸ್ಕೋದಲ್ಲಿ ಫ್ಯಾಬ್ರಿಕೇಶನ್ ಶೆಡ್. ಕಟ್ಟಡದ ಮೇಲೆ ಬೀಳುವ ಗಾಳಿಯ ಹೊರೆಗಿರುವ ಭಾರತೀಯ ಮಾನಕ ಐಎಸ್ 875ರ ಮೂರನೆಯ ಭಾಗದ ಪ್ರಕಾರ ಪಣಜಿಗೆ ಲೆಕ್ಕಕ್ಕೆ ಹಿಡಿಯಬೇಕಾದ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ ಸುಮಾರು 140 ಕಿಲೋಮೀಟರ್, ಮುಂಬೈಗೆ 44. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಬೀಳುವ ಒತ್ತಡ ನ್ಯೂಟನ್‌ಗಳಲ್ಲಿ ಸಿಗುತ್ತದೆ. ನಮಗೆ ಅದು 913, ಸುಮಾರು 93 ಕೆಜಿ ತೂಕದಷ್ಟು. ಮುಂಬೈಗೆ 118 ಕೆಜಿ. ವೇಗ ಎಂಟನೇ ಒಂದು ಪಾಲು ಹೆಚ್ಚಾದರೆ ಒತ್ತಡ ಕಾಲು ಪಾಲಿಗಿಂತ ಹೆಚ್ಚು ಏರುತ್ತದೆ ಎಂಬುದನ್ನು ಮರೆಯಬಾರದು. ಗುಡ್ಡದ ನೆತ್ತಿ, ಬಯಲು ಸಮುದ್ರ ಎಂದೆಲ್ಲ ಸೇರಿಸಿದರೆ ಇದು ಇನ್ನೂ ಮೇಲೇರುತ್ತದೆ. 8 ಅಡಿ 4 ಅಡಿ ಹಲಗೆ ಹೆಚ್ಚು ಕಡಿಮೆ 3 ಚದರ ಮೀಟರ್. ಎಂದರೆ ಒಂದೊಂದು ಹಲಗೆಯ ಮೇಲೂ ಮುನ್ನೂರು ಕೆಜಿಯ ಹತ್ತಿರದ ಬಲ.

“ತಂಗೀ, ಗಾಳಿ ಹಲಗೆಯನ್ನು ಗೋಡೆಗೆ ಒತ್ತುತ್ತದೆ ಎಂದುಕೊಂಡಿದ್ದೀಯಾ?” ಎಂದು ಕೇಳಿದ. ನಾನು ಹಾಗೆಯೇ ಅಂದುಕೊಂಡಿದ್ದೆ. ಮೂಲೆ ತಿರುಗುವ ಗಾಳಿ ಗೋಡೆಯಿಂದ ಬಿಟ್ಟು ಹಾರುತ್ತದೆ, ಅಲ್ಲಿ ಹಲಗೆಯನ್ನು ಹೊರಗೆ ಹೀರುತ್ತದೆ. ಬಿರುಗಾಳಿಯಲ್ಲಿ ಹಲಗೆ ಕಿತ್ತು ಹೋಗುವುದು ಬಹುಪಾಲು ಮೂಲೆಯಿಂದಲೇ. ಆದ್ದರಿಂದ ಎರಡೂ ಮೂಲೆಗಳಿಂದ ಒಂದು ಮೀಟರ್ ಒಳಗೆ ತಿರುಪುಗಳನ್ನು ಒತ್ತೊತ್ತಾಗಿ ಹಾಕಬೇಕು, ಹಲಗೆಯ ಹಿಂದಿನ ಖಾಲಿ ಜಾಗವನ್ನು ಮೂಲೆಯಲ್ಲಿ ನೆಟ್ಟಗೆ ಮುಚ್ಚಬೇಕು ಎಂದು ತೀರ್ಮಾನವಾಯಿತು. ಮುಚ್ಚದಿದ್ದರೆ ಪಡುವಣದ ಗಾಳಿ ಹಲಗೆಯ ಬೆನ್ನ ಹಿಂದೆ ನುಗ್ಗಿ ಪಕ್ಕದ ಗೋಡೆಯಿಂದ ಹೊರಡುತ್ತದೆ, ಜೊತೆಗೆ ನೀರನ್ನೂ ಎಳೆದೊಯ್ಯುತ್ತದೆ.

2022ರ ಫೆಬ್ರುವರಿಯಲ್ಲಿ ಗೋಡೆಗೆ ಕೈ ಹಾಕಿದೆವು. ಬಣ್ಣ ಪೂರ್ತಿ ಕೆತ್ತಿ, ಸಡಿಲವಾದ ಗಿಲಾವು ಉದುರಿಸಿ, ಸಿಹಿನೀರಿನಿಂದ ಎರಡು ಸಲ ತೊಳೆದು ಉಪ್ಪು ತೆಗೆದು, ಹಳ್ಳ ಬಿದ್ದಲ್ಲಿ ಸುಣ್ಣ ಸಿಮೆಂಟಿನ ಗಾರೆ ತುಂಬಿದೆವು. ಹೊಸ ಬಣ್ಣ ಹಚ್ಚಲಿಲ್ಲ. ಒಣಗಿದೆಯೇ ಎಂದು ತಿಳಿಯಲು ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ ರಾತ್ರಿ ಬಿಡುತ್ತಿದ್ದೆ. ಮಾರ್ಚ್ ಮೊದಲ ವಾರದಲ್ಲಿ ಬೆಳಿಗ್ಗೆ ಹಾಳೆಯ ಒಳಗೆ ಹನಿಗಳ ಸಾಲು. ಏಪ್ರಿಲ್ ಹೊತ್ತಿಗೆ ಹನಿ ನಿಂತಿತು. ಯಾವ ಜಾಗದಲ್ಲಿ ಯಾವ ದಿನ ನಿಂತಿತು ಎಂದು ಗೋಡೆಯ ಮೇಲೆಯೇ ಬಿಳಿ ಸೀಮೆಸುಣ್ಣದಲ್ಲಿ ತಾರೀಖು ಬರೆದಿಟ್ಟೆ.

ಅತಿ ಹೆಚ್ಚು ಕಾಡಿದ್ದು ಚಿರೇಕಲ್ಲಿನಲ್ಲಿ ತೂತು. ಹಲಗೆ, ಅದನ್ನು ಹೊರುವ ಉಕ್ಕಿನ ಪಟ್ಟಿ ಅಂದರೆ ಚಾನೆಲ್, ತಿರುಪು ಎಲ್ಲವೂ ಕೊನೆಗೆ ಈ ಕಲ್ಲಿಗೆ ನೇತು ಬೀಳಬೇಕು. ಕಲ್ಲಿನ ಒಳಗೆ ಮೆತ್ತನೆಯ ಮಣ್ಣು, ಅಲ್ಲಲ್ಲಿ ಪೊಳ್ಳು. ಸುತ್ತಿಗೆಯ ಹೊಡೆತವಿರುವ ಡ್ರಿಲ್ ಹಾಕಿದರೆ 10 ಮಿಮೀ ತೂತು 14 ಆಗುತ್ತದೆ, ಪ್ಲಾಸ್ಟಿಕ್ ಬೆಣೆ ಅದರಲ್ಲಿ ತಿರುಗುತ್ತಲೇ ಇರುತ್ತದೆ. ಹೊಡೆತ ನಿಲ್ಲಿಸಿ ಬರೀ ತಿರುಗಿಸಿ ಕೊರೆದರೂ ಬೆಣೆಯನ್ನು ನಂಬಲು ಮನಸ್ಸಾಗಲಿಲ್ಲ. ಆಗ ತೆಂಗಿನ ಮರಕ್ಕೆ ಒಂದು ರಾಟೆ ಕಟ್ಟಿದೆವು. ಗೋಡೆಗೆ ಹಾಕಿದ ಕೊಕ್ಕೆಯಿಂದ ಹಗ್ಗವನ್ನು ನೇರವಾಗಿ ಎಳೆದು ರಾಟೆಯ ಮೇಲೆ ಹಾಯಿಸಿ, ಆಚೆ ತುದಿಗೆ 20 ಲೀಟರಿನ ಬಣ್ಣದ ಬಕೆಟ್ಟುಗಳನ್ನು ತೂಗುಹಾಕಿ ಒಂದೊಂದಾಗಿ ನೀರು ತುಂಬಿದೆವು. ಪ್ಲಾಸ್ಟಿಕ್ ಬೆಣೆ ಎರಡನೆಯ ಬಕೆಟ್ ತುಂಬುವ ಮೊದಲೇ ಜಾರಿ ಬಂತು, ಹಿಂದೆಯೇ ಕೆಂಪು ಪುಡಿ ಉದುರಿತು.

ಎರಡನೆಯ ಸಲ ರಾಸಾಯನಿಕ ಅಂಟಿನ ಆಂಕರ್ ಹಾಕಿದೆವು. ತೂತಿನ ಧೂಳನ್ನು ಪಂಪಿನಿಂದ ಊದಿ, ಬ್ರಷ್ ಹಾಕಿ ಉಜ್ಜಿ, ಮತ್ತೆ ಊದಿ, ಜಾಳಿಗೆಯಂಥ ಪ್ಲಾಸ್ಟಿಕ್ ಕೊಳವೆ ಇಳಿಸಿ, ಅದರೊಳಗೆ ಅಂಟು ತುಂಬಿ ಸ್ಟೀಲ್ ಸಲಾಕೆ ತಿರುಗಿಸಿ ಇಟ್ಟೆವು. ಕೊಳವೆಯ ಕಣ್ಣುಗಳಿಂದ ಅಂಟು ಕಲ್ಲಿನ ಪೊಳ್ಳಿಗೆ ಹರಿದು ಅಲ್ಲೇ ಗಂಟು ಕಟ್ಟುತ್ತದೆ. ಮರುದಿನ ನಾಲ್ಕು ಬಕೆಟ್, 80 ಕೆಜಿ, ಇಡೀ ರಾತ್ರಿ ತೂಗಿತು. ಒಂದೊಂದು ಆಂಕರ್ ಹೊರಬೇಕಾದದ್ದು ಗೋಡೆಯ ನಡುವೆ ಇಪ್ಪತ್ತೆರಡು ಕೆಜಿ, ಮೂಲೆಯಲ್ಲಿ ಅದರ ಎರಡರಷ್ಟು. ನೂರಕ್ಕೂ ಹೆಚ್ಚು ತೂತುಗಳನ್ನು ನಾನೇ ಊದಿ ಉಜ್ಜಿದೆ. ಆ ಕೆಲಸವನ್ನು ಬೇರೆಯವರ ಕೈಗೆ ಕೊಡಲಿಲ್ಲ, ಏಕೆಂದರೆ ಧೂಳು ಉಳಿದ ತೂತು ಹೊರಗಿನಿಂದ ಒಳ್ಳೆಯ ತೂತಿನಂತೆಯೇ ಕಾಣುತ್ತದೆ.

ಚಾನೆಲ್ ವಿಷಯದಲ್ಲಿ ಅಣ್ಣ ಹಟ ಹಿಡಿದ. ಸೀಲಿಂಗಿಗೆ ಬಳಸುವ ತೆಳು ತಗಡಿನ ಚಾನೆಲ್ ಬೇಡ, ಚೌಕದ ಕೊಳವೆಯೂ ಬೇಡ, ಕೊಳವೆ ಒಳಗಿನಿಂದ ತುಕ್ಕು ತಿಂದರೆ ತಿಳಿಯುವುದೇ ಇಲ್ಲ ಎಂದ. 2 ಮಿಮೀ ದಪ್ಪದ, ಟೋಪಿಯ ಆಕಾರದ ಚಾನೆಲ್‌ಗಳನ್ನು ಬಾಗಿಸಿ, ತೂತುಗಳನ್ನೆಲ್ಲ ಮೊದಲೇ ಕೊರೆದು, ಆಮೇಲೆ ಕರಗಿದ ಸತುವಿನಲ್ಲಿ ಮುಳುಗಿಸಿ ತರಿಸಿದ. ಅವನ್ನು 16 ಅಂಗುಲಕ್ಕೊಂದರಂತೆ ನೆಟ್ಟಗೆ ನಿಲ್ಲಿಸಿದೆವು. ನೀಲಿ ಪುಡಿಯ ದಾರ ಮಿಡಿದು ಗೆರೆ ಹಾಕಿ, ತೂಗುಗುಂಡು ಬಿಟ್ಟು ಒಂದೊಂದನ್ನೂ ನೋಡಿದೆವು. ಅಡ್ಡಡ್ಡ ಹಾಕಿದರೆ ಕೆಲಸ ಸುಲಭ, ಆದರೆ ಒಳಗೆ ಇಳಿದ ನೀರು ಪ್ರತಿ ಚಾನೆಲ್ಲಿನ ಮೇಲೂ ಕೂರುತ್ತದೆ. ಗೋಡೆಗೂ ಹಲಗೆಗೂ ನಡುವೆ ಒಂದೂವರೆ ಅಂಗುಲ ಖಾಲಿ ಉಳಿಯಿತು. ಕೆಳಗೆ ಮತ್ತು ಮೇಲೆ ಅದು ತೆರೆದೇ ಇದೆ. ಇಲಿ, ಕಣಜ, ಹಾವು ಸೇರದಂತೆ ಸ್ಟೇನ್‌ಲೆಸ್ ಜಾಲರಿ ಹಾಕಿದ್ದೇವೆ.

ತಿರುಪಿನ ಮಾತು ಚಿಕ್ಕದೆಂದು ತೋರಬಹುದು, ಅಲ್ಲ. ಅಡುಗೆಮನೆಯ ಕಿಟಕಿಯಲ್ಲಿ ನಾಲ್ಕು ಗಾಜಿನ ಲೋಟಗಳಲ್ಲಿ ಬೈನಾದ ಸಮುದ್ರದ ನೀರು ತಂದಿಟ್ಟು ನಾಲ್ಕು ಬಗೆಯ ತಿರುಪು ಹಾಕಿದೆ. ಕಪ್ಪು ತಿರುಪಿನ ನೀರು ಮರುದಿನವೇ ಚಹಾದ ಬಣ್ಣಕ್ಕೆ ಬಂತು. ಸತುವಿನ ತೆಳು ಲೇಪದ್ದು ವಾರದಲ್ಲಿ ಬಿಳಿ ಪುಡಿ ಬಿಟ್ಟು ಆಮೇಲೆ ಕೆಂಪಾಯಿತು. ‘ಸ್ಟೇನ್‌ಲೆಸ್’ ಎಂದು ಮಾರಿದ, ತಾನೇ ಕೊರೆದುಕೊಂಡು ಹೋಗುವ ತಿರುಪಿಗೂ ತಲೆಯ ಗೀರಿನಲ್ಲಿ ಕೆಂಪು ಕಾಣಿಸಿಕೊಂಡಿತು. ಅಂಥವು ಹೆಚ್ಚಾಗಿ 410 ಬಗೆಯವು, ಅಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟುತ್ತವೆ. 316 ಬಗೆಯ ಸ್ಟೇನ್‌ಲೆಸ್ ತಿರುಪು ತಿಂಗಳಾದರೂ ಹಾಗೆಯೇ ಹೊಳೆಯುತ್ತಿತ್ತು. ಅದು ತಾನಾಗಿ ಉಕ್ಕನ್ನು ಕೊರೆಯುವುದಿಲ್ಲ, ಪ್ರತಿಯೊಂದಕ್ಕೂ ಮೊದಲು ತೂತು ಹಾಕಬೇಕು. ಹಾಕಿದೆವು. ಎರಡು ಬೇರೆ ಲೋಹಗಳು ಉಪ್ಪುನೀರಿನಲ್ಲಿ ಒಂದಕ್ಕೊಂದು ತಾಗಿದರೆ ಒಂದು ಬೇಗ ಸವೆಯುತ್ತದೆ. ದೊಡ್ಡ ಸತುವಿನ ಮೈಯ ಮೇಲೆ ಸಣ್ಣ ಸ್ಟೇನ್‌ಲೆಸ್ ತಿರುಪು ಇದ್ದರೆ ಆ ತೊಂದರೆ ಕಡಿಮೆ, ಇದರ ತಿರುವುಮುರುವು ಮಾತ್ರ ಆಗಬಾರದು.

ಹಲಗೆ 10 ಮಿಮೀ ದಪ್ಪದ್ದು. ಗೋಡೆ 24 ಅಡಿ ಉದ್ದ, ನೆಲದಿಂದ ಅರ್ಧ ಅಡಿ ಬಿಟ್ಟು 10 ಅಡಿ ಎತ್ತರ. ಎಂಟು ಹಲಗೆ ಸಾಕಿತ್ತು, ಹತ್ತು ತಂದೆವು. ಒಂದೊಂದು ಸುಮಾರು 39 ಕೆಜಿ. ಇಬ್ಬರು ಅಂಚಿನ ಮೇಲೆ ನಿಲ್ಲಿಸಿಯೇ ಹೊರಬೇಕು, ಮಲಗಿಸಿ ಎತ್ತಿದರೆ ನಡುವೆ ಮುರಿಯುತ್ತದೆ. ಒಂದರ ಮೇಲೊಂದು ಹೊದಿಸುವ ಕಿರು ಪಟ್ಟಿಗಳೂ ಸಿಗುತ್ತವೆ, ನೋಡಲು ಅವೇ ಚೆಂದ. ಆದರೆ ಅವುಗಳ ತಿರುಪು ಮೇಲಿನ ಪಟ್ಟಿಯ ಕೆಳಗೆ ಅಡಗಿರುತ್ತದೆ; ಒಂದು ಒಡೆದರೆ ಮೇಲಿನದನ್ನೂ ಬಿಚ್ಚಬೇಕು. ನಮ್ಮ ತಲೆಯ ಮೇಲೆ ತೆಂಗಿನಕಾಯಿ ಇರುವಾಗ ತಿರುಪು ಕಣ್ಣಿಗೆ ಕಾಣುವಂತಿರುವುದೇ ಒಳ್ಳೆಯದೆಂದು ದೊಡ್ಡ ಹಲಗೆಯನ್ನೇ ಆರಿಸಿದೆ.

ಕತ್ತರಿಸುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇದೆ, ಅದು ಶ್ವಾಸಕೋಶವನ್ನು ಹಾಳು ಮಾಡುತ್ತದೆ. ಗರಗಸಕ್ಕೆ ನೀರು ತೊಟ್ಟಿಕ್ಕಿಸಿಕೊಂಡು, ಎನ್95 ಮುಖಗವಸು ಕಟ್ಟಿಕೊಂಡು, ಮನೆಯಿಂದ ದೂರ ಕತ್ತರಿಸಿದೆವು. ಅಂಗಳದ ಕೊಟ್ಟಿಗೆಯ ಮೇಲಿದ್ದ ಹಳೆಯ ಕಲ್ನಾರಿನ (ಆಸ್ಬೆಸ್ಟಾಸ್) ಶೀಟನ್ನು ಇದೇ ಗರಗಸದಲ್ಲಿ ಸರಿಮಾಡೋಣವೇ ಎಂದು ಹುಡುಗನೊಬ್ಬ ಕೇಳಿದ. ಬೇಡವೇ ಬೇಡ ಎಂದೆ. ಅದನ್ನು ಕತ್ತರಿಸುವಂತೆಯೇ ಇಲ್ಲ.

ಮೊದಲ ಹಲಗೆಯ ಮೂಲೆ ಒಡೆದದ್ದು ನನ್ನ ಕೈಯಿಂದ. ಅಂಚಿನಿಂದ 10 ಮಿಮೀ ದೂರದಲ್ಲೇ ತೂತು ಹಾಕಿ ತಿರುಪು ಬಿಗಿದೆ, ಟಪ್ಪೆಂದು ಬಿಲ್ಲೆಯಷ್ಟು ಚೂರು ಹಾರಿತು. ಅಂದಿನಿಂದ ಅಂಚಿಗೆ 20 ಮಿಮೀ, ಮೂಲೆಗೆ 50 ಮಿಮೀ ಎಂದು ಅಳತೆಯ ಕಟ್ಟಿಗೆ ಮಾಡಿಕೊಂಡೆವು. ಹಲಗೆ ಮಳೆಯಲ್ಲಿ ಹಿಗ್ಗಿ ಬಿಸಿಲಲ್ಲಿ ಕುಗ್ಗುವುದರಿಂದ, ನಡುವಿನ ಎರಡು ತಿರುಪು ಬಿಟ್ಟು ಉಳಿದವಕ್ಕೆಲ್ಲ ತೂತು ತಿರುಪಿಗಿಂತ ದೊಡ್ಡದಿರಬೇಕು. ರಬ್ಬರಿನ ವಾಷರ್ ಹಲಗೆಯನ್ನು ಹಿಡಿದುಕೊಳ್ಳಬೇಕು, ಹಿಸುಕಬಾರದು.

ನೆಟ್ಟನೆಯ ಕೀಲುಗಳಲ್ಲಿ 6 ಮಿಮೀ ಸಂದು ಬಿಟ್ಟೆವು. ಹಿಂದೆ ಚಾನೆಲ್ಲಿನ ಅಗಲ ಮುಖ, ಅದರ ಮೇಲೆ ಕಪ್ಪು ರಬ್ಬರ್ ಪಟ್ಟಿ. ಬಾಗಲಕೋಟೆ ಕಡೆಯ ಗೌಂಡಿ ಕಾಕಾ ಮೂವತ್ತು ವರ್ಷಗಳಿಂದ ಗೋವಾದಲ್ಲಿ ಗೋಡೆ ಕಟ್ಟಿದವರು. ಅವರಿಗೆ ಆ ಸಂದು ನೋಡಲಾಗಲಿಲ್ಲ.

“ಅಕ್ಕಾವರೇ, ತುಂಬಿಸದೆ ಬಿಟ್ಟರೆ ನೀರು ಒಳಗೆ ಹೋಗುವುದಿಲ್ಲವೇ?”

“ಸ್ವಲ್ಪ ಹೋಗುತ್ತದೆ ಕಾಕಾ. ಹೋದದ್ದು ಕೆಳಗಿಳಿದು ಹೊರಗೆ ಬರುತ್ತದೆ. ಗಾಳಿಯೂ ಒಳಗೆ ಹೋಗುತ್ತದೆ, ಅದಕ್ಕೇ ನೀರನ್ನು ತಳ್ಳುವ ಬಲ ಕಡಿಮೆಯಾಗುತ್ತದೆ.”

ಅವರು ಹಲಗೆಯ ಕೆಳಗೆ ಕೈ ಹಾಕಿ, ಮೇಲೆ ಏರುತ್ತಿದ್ದ ತಣ್ಣನೆಯ ಗಾಳಿಯನ್ನು ಬೆರಳಿನಿಂದ ನೋಡಿದರು. “ಇದು ನಮ್ಮ ಕಡೆಯ ಕಣಜದ ಹಾಗಾಯಿತು. ಕೆಳಗಿನಿಂದ ಗಾಳಿ ಆಡಿದರೆ ಜೋಳ ಕೆಡುವುದಿಲ್ಲ,” ಎಂದರು.

ಮೇ ಕೊನೆಯ ವಾರ ಪೈಪಿನ ನೀರು ಹೊಡೆದು ಪರೀಕ್ಷೆ. ಕೆಳಗಿನಿಂದ ಶುರು ಮಾಡಿ ಹತ್ತು ಹತ್ತು ನಿಮಿಷಕ್ಕೆ ಒಂದಡಿ ಮೇಲಕ್ಕೆ ಹೋಗಬೇಕು. ಮೇಲಿನಿಂದ ಸುರಿದರೆ ಎಲ್ಲಿ ಸೋರಿತು ಎಂಬುದು ತಿಳಿಯುವುದಿಲ್ಲ. ಕಿಟಕಿಯ ನೆತ್ತಿಯವರೆಗೂ ಒಳಗೆ ಒಣಗಿತ್ತು. ಅಲ್ಲಿಗೆ ಬಂದಾಗ ಕಿಟಕಿಯ ಎಡ ಮೂಲೆಯಿಂದ ಒಳಗೆ ಒಂದು ಎಳೆ ನೀರು ಇಳಿಯಿತು. ಕಿಟಕಿಯ ಮೇಲೆ ಕೂರಿಸಿದ್ದ ಸ್ಟೀಲ್ ತಗಡಿನ ಪಟ್ಟಿ ನೀರನ್ನು ಮುಂದಕ್ಕೆ ಚೆಲ್ಲುತ್ತಿತ್ತು, ಆದರೆ ಅದರ ಎರಡು ತುದಿಗಳನ್ನು ಮೇಲಕ್ಕೆ ಮಡಚಿರಲಿಲ್ಲ. ಪಟ್ಟಿಯ ಮೇಲೆ ಬಂದ ನೀರು ಪಕ್ಕಕ್ಕೆ ಓಡಿ ಚೌಕಟ್ಟಿನೊಳಗೆ ಬಿದ್ದಿತ್ತು. ಮೂರು ಹಲಗೆ ಬಿಚ್ಚಿ, ಎರಡೂ ತುದಿಗಳನ್ನು ಅರ್ಧ ಅಂಗುಲ ಎತ್ತಿ ಮಡಚಿಸಿ, ಮತ್ತೆ ಕೂರಿಸಲು ಎರಡು ದಿನ ಹಿಡಿಯಿತು. ಹೊರಗೋಡೆಯ ಕೆಲಸ ಮಾಡಿಸುವವರು ಬೇರೆ ಯಾವುದನ್ನು ನೋಡದಿದ್ದರೂ ಈ ಅರ್ಧ ಅಂಗುಲವನ್ನು ಏಣಿ ಹತ್ತಿ ನೋಡಲೇಬೇಕು.

ಒಟ್ಟು ಖರ್ಚಿನಲ್ಲಿ ಹಲಗೆಯ ಪಾಲು ಮೂರನೇ ಒಂದಕ್ಕಿಂತ ಕಡಿಮೆ. ಉಳಿದದ್ದು ಚಾನೆಲ್, ಆಂಕರ್, ತಿರುಪು, ಸಾರವೆ, ಕೂಲಿ. ಅಂಗಡಿಯವರು ಹಲಗೆಯ ಬೆಲೆಯನ್ನು ಮಾತ್ರ ಹೇಳುತ್ತಾರೆ. ಅದನ್ನೇ ನಂಬಿ ಹೊರಟವರು ಹಣ ಸಾಲದೆ ತಿರುಪಿನಲ್ಲಿ ಉಳಿಸಲು ನೋಡುತ್ತಾರೆ, ಗೋಡೆ ಬೀಳುವುದು ಅಲ್ಲಿಯೇ.

ಮೊದಲ ಮಳೆಗಾಲ ಕಳೆಯಿತು. ಅಮ್ಮನ ಮಂಚ ಮತ್ತೆ ಆ ಗೋಡೆಗೆ ಬಂತು. 2023ರ ಜೂನ್‌ನಲ್ಲಿ ಬಿಪರ್‌ಜಾಯ್ ಚಂಡಮಾರುತ ದೂರದ ಸಮುದ್ರದಲ್ಲೇ ಹಾದು ಗುಜರಾತಿನ ಕಡೆಗೆ ಹೋಯಿತು. ಅಷ್ಟು ದೂರದಿಂದಲೂ ಅದು ಎಬ್ಬಿಸಿದ ಗಾಳಿಗೆ ಒಂದು ರಾತ್ರಿ ತೆಂಗಿನ ಮಡಲು ಕಾಯಿಯ ಸಮೇತ ಹಾರಿ ಬಂದು ಬಡಿದು, ಕಿಟಕಿಯ ಪಕ್ಕದ ಹಲಗೆಯ ಕೆಳಮೂಲೆಯಲ್ಲಿ ಬಿರುಕು ಬಿಟ್ಟಿತು. ನಾರು ಸಿಮೆಂಟಿನ ದುರ್ಬಲತೆ ಇದೇ: ಗಾಳಿಯನ್ನು ತಡೆಯುತ್ತದೆ, ಮೊನಚಾದ ಪೆಟ್ಟನ್ನು ತಡೆಯಲಾರದು. ಮಂಚದ ಕೆಳಗೆ ಚಪ್ಪಟೆಯಾಗಿ ಮಲಗಿಸಿಟ್ಟಿದ್ದ ಮಿಕ್ಕ ಹಲಗೆಗೆ ಕೆಲಸ ಬಂತು.

ಮಳೆ ಒಂದು ಗಳಿಗೆ ಬಿಡುವು ಕೊಟ್ಟ ಬೆಳಿಗ್ಗೆ ನಾನು ಮತ್ತು ಅಣ್ಣ ತಿರುಪುಗಳನ್ನು ಬಿಚ್ಚಿದೆವು. ಒಂದೂ ಕಚ್ಚಿಕೊಂಡಿರಲಿಲ್ಲ. ಹಲಗೆಯ ಬೆನ್ನು ಕೆಳಗಿನ ಗೇಣಿನಷ್ಟು ಒದ್ದೆಯಾಗಿತ್ತು, ಜಾಲರಿಯ ಮೇಲೆ ಹನಿಗಳು ತೂಗುತ್ತಿದ್ದವು. ಒಡೆದ ಹಲಗೆಯನ್ನು ಇಬ್ಬರೂ ಪಕ್ಕಕ್ಕೆ ಎತ್ತಿಟ್ಟು ತಿರುಗಿ ನೋಡಿದಾಗ ಬಣ್ಣವಿಲ್ಲದ ಗೋಡೆಯ ಮೇಲೆ ಅಣ್ಣ ಮಿಡಿದ ದಾರದ ನೀಲಿ ಗೆರೆ ಹಾಗೆಯೇ ಇತ್ತು. ಅದರ ಪಕ್ಕದಲ್ಲಿ ನಾನು ಸೀಮೆಸುಣ್ಣದಲ್ಲಿ ಬರೆದ ‘ಏಪ್ರಿಲ್ 11’, ಒಂದು ಅಕ್ಷರವೂ ಕದಡಿರಲಿಲ್ಲ.